ಮಳವಳ್ಳಿಯ ಬಿಸಿಗೆ ಗಾಳಿಯ ಕಡಿತ

ನೆಲದಿಂದ 705 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಲ್ಯಾಂಡ್‌ಸ್ಯಾಟ್ ಉಪಗ್ರಹಕ್ಕೆ ಮದ್ದೂರು, ಮಂಡ್ಯ, ಮಳವಳ್ಳಿ ಮೂರನ್ನೂ ದಾಟಿಹೋಗಲು ನಾಲ್ಕೈದು ಸೆಕೆಂಡು ಸಾಕು. ಅಷ್ಟರಲ್ಲೇ ಅದರ ಉಷ್ಣ ಕ್ಯಾಮೆರಾ ನಾಲೆ ಬಯಲಿನ ಭತ್ತದ ಗದ್ದೆ, ಶಿಂಷೆಯ ದಡದ ತೆಂಗಿನ ತೋಟ, ಉತ್ತು ಬಿಟ್ಟ ಕೆಂಪು ಹೊಲ, ರೈಸ್ ಮಿಲ್ಲಿನ ತಗಡು ಎಲ್ಲದರ ಬಿಸಿಯನ್ನೂ ದಾಖಲಿಸಿಕೊಂಡಿರುತ್ತದೆ. ಆಮೇಲೆ ಕಂಪ್ಯೂಟರ್ ಅದಕ್ಕೆ ಬಣ್ಣ ಹಚ್ಚುತ್ತದೆ: ತಣ್ಣಗಿದ್ದಲ್ಲಿ ನೀಲಿ, ಕಾದಲ್ಲಿ ಕೆಂಪು. ನೀಲಿ ಇದ್ದ ಕಡೆ ನೀರು ಹೋಗಿದೆ, ಕೆಂಪು ಇದ್ದ ಕಡೆ ಹೋಗಿಲ್ಲ ಎಂದು ನೋಡಿದವರು ಓದಿಕೊಳ್ಳುತ್ತಾರೆ. ಸ್ಥೂಲವಾಗಿ ಈ ಓದು ಸರಿಯೇ. ತೊಡಕಿರುವುದು ಡಿಗ್ರಿಗಳಲ್ಲಿ. ನೆಲಕ್ಕೂ ಕ್ಯಾಮೆರಾಕ್ಕೂ ನಡುವೆ ಇಡೀ ವಾಯುಮಂಡಲ ನಿಂತಿದೆ. ನೆಲ ಕಳಿಸಿದ ಬಿಸಿಯಲ್ಲಿ ಒಂದು ಪಾಲನ್ನು ಅದು ನುಂಗಿ, ತನ್ನದೊಂದು ಪಾಲನ್ನು ಸೇರಿಸಿ ಮೇಲಕ್ಕೆ ಕಳಿಸುತ್ತದೆ.

ಮಂಡ್ಯ ಜಿಲ್ಲೆಗೆ ಇದು ಬರಿಯ ಪಠ್ಯದ ವಿಚಾರವಾಗಿ ಉಳಿಯುವುದಿಲ್ಲ. ಕೃಷ್ಣರಾಜಸಾಗರದಿಂದ ಹೊರಟು, ಹುಲಿಕೆರೆಯ ಸುರಂಗದಲ್ಲಿ ನುಸುಳಿ ಬರುವ ವಿಶ್ವೇಶ್ವರಯ್ಯ ನಾಲೆ (ಹಳಬರ ಬಾಯಲ್ಲಿ ಇರ್ವಿನ್ ನಾಲೆ) ಮಂಡ್ಯ, ಮದ್ದೂರಿನ ಬಯಲನ್ನು ಹಸಿರು ಮಾಡಿಕೊಂಡು ಮಳವಳ್ಳಿ ಕಡೆಗೆ ಹೋಗುವಷ್ಟರಲ್ಲಿ ಸೊರಗಿರುತ್ತದೆ. ‘ಕೊನೆ ಭಾಗಕ್ಕೆ ನೀರು ಬರಲಿಲ್ಲ’ ಎಂಬ ದೂರು ಜಿಲ್ಲೆಯ ಪತ್ರಿಕಾ ಪುಟಗಳಲ್ಲಿ ಪ್ರತಿ ಬೆಳೆಗೂ ಒಮ್ಮೆಯಾದರೂ ಬರುತ್ತದೆ. ಕಟ್ಟು ಪದ್ಧತಿಯಲ್ಲಿ ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ ನೀರು ಹರಿಸುವಾಗಂತೂ ಎಂಜಿನಿಯರರ ಲೆಕ್ಕ ಒಂದು, ನೀರುಗಂಟಿಯ ಲೆಕ್ಕ ಇನ್ನೊಂದು, ರೈತನ ಗದ್ದೆಯ ಲೆಕ್ಕ ಮತ್ತೊಂದು. ನಾಲೆಯಿಂದಾಚೆ ಮಳೆಯನ್ನೇ ನೆಚ್ಚಿದ ರಾಗಿ, ಹುರುಳಿಯ ಹೊಲಗಳಿವೆ. ಕೊಳವೆಬಾವಿ ನೀರಿನ ಹಿಪ್ಪುನೇರಳೆ ತೋಟಗಳಿವೆ. ಮೂವತ್ತು ನಲವತ್ತು ಕಿಲೋಮೀಟರ್ ಒಳಗೆ, ಒಂದೇ ಬೆಳಗಿನಲ್ಲಿ, ಒದ್ದೆ ನೆಲವೂ ಒಣ ನೆಲವೂ ಹೀಗೆ ಅಕ್ಕಪಕ್ಕ ಸಿಗುವ ಜಾಗ ಉಷ್ಣ ಚಿತ್ರ ತೆಗೆಯುವವರಿಗೆ ಬೇಕಾದದ್ದೇ. ಉಪಗ್ರಹದ ಸಾಕ್ಷ್ಯವನ್ನು ನೀರಿನ ಜಗಳದಲ್ಲಿ ಮುಂದಿಡುವುದಾದರೆ, ಆ ಸಾಕ್ಷ್ಯವನ್ನು ಮೊದಲು ಪಾಟೀ ಸವಾಲಿಗೆ ಒಳಪಡಿಸಬೇಕು.

ಮೊದಲು ಬಿಸಿ ಎಂದರೆ ಯಾವ ಬಿಸಿ ಎಂಬುದು. ಹೋಬಳಿಯ ಹವಾಮಾನ ಕೇಂದ್ರ ವರದಿ ಮಾಡುವುದು ಎದೆಯೆತ್ತರದಲ್ಲಿ, ನೆರಳಿನಲ್ಲಿ ಇರುವ ಗಾಳಿಯ ಉಷ್ಣತೆಯನ್ನು. ಉಪಗ್ರಹ ಅಳೆಯುವುದು ನೆಲದ ತೊಗಲಿನ ಉಷ್ಣತೆ, ಅಂದರೆ ಕಣ್ಣಿಗೆ ಕಾಣುವ ಮೇಲ್ಪದರದ್ದು. ಮಾರ್ಚ್ ಕೊನೆಯ ಮಧ್ಯಾಹ್ನ ಗಾಳಿ 35 ಡಿಗ್ರಿ ಸೆಲ್ಸಿಯಸ್ ಇರುವಾಗ ಉತ್ತು ಬಿಟ್ಟ ಕೆಮ್ಮಣ್ಣಿನ ಮೇಲ್ಮೈ 50 ದಾಟುವುದು ಅಪರೂಪವಲ್ಲ; ಬರಿಗಾಲಲ್ಲಿ ಹೊಲಕ್ಕೆ ಇಳಿದವರಿಗೆ ಇದು ಗೊತ್ತು. ಅದೇ ಹೊತ್ತಿನಲ್ಲಿ ನೀರು ನಿಂತ ಭತ್ತದ ಗದ್ದೆ ಗಾಳಿಗಿಂತ ತಣ್ಣಗಿರುತ್ತದೆ. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗುವಾಗ ಎಲೆಯ ಬಿಸಿಯನ್ನೂ ಕೊಂಡೊಯ್ಯುತ್ತದೆ. ಬೇರಿಗೆ ನೀರು ಸಾಲದೆ ಹೋದರೆ ಕಬ್ಬು ರಂಧ್ರ ಮುಚ್ಚಿಕೊಳ್ಳುತ್ತದೆ, ಎಲೆ ಕಾಯುತ್ತದೆ. ಗರಿ ಸುರುಟಿ ಹಳದಿಗೆ ತಿರುಗುವುದು ಆಮೇಲಿನ ಮಾತು. ಬಾಯಾರಿಕೆಯ ಮೊದಲ ಗುರುತು ಬಿಸಿ. ಹಸಿರನ್ನು ನೋಡುವ ಕ್ಯಾಮೆರಾಕ್ಕಿಂತ ಬಿಸಿಯನ್ನು ನೋಡುವ ಕ್ಯಾಮೆರಾ ನೀರಾವರಿಗೆ ಮುಖ್ಯವಾಗುವುದು ಇದಕ್ಕಾಗಿ.

ಬಿಸಿಯನ್ನು ದೂರದಿಂದ ನೋಡಬಹುದು ಎಂಬುದಕ್ಕೆ ಎರಡು ಶತಮಾನದ ಇತಿಹಾಸವಿದೆ. ವಿಲಿಯಂ ಹರ್ಷೆಲ್ 1800ರಲ್ಲಿ ಬಿಸಿಲನ್ನು ಪಟ್ಟಕದಿಂದ ಒಡೆದು, ಕೆಂಪು ಬಣ್ಣದಿಂದಾಚೆ ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕ ಇಟ್ಟಾಗ ಪಾದರಸ ಏರಿತು. ಆ ಕಾಣದ ಬೆಳಕೇ ಅವಕೆಂಪು. ನೆಲ, ನೀರು, ಎಲೆ, ನಮ್ಮ ಮೈ ಎಲ್ಲವೂ ಹಗಲಿರುಳೂ ಅದನ್ನು ಹೊರಸೂಸುತ್ತಲೇ ಇರುತ್ತವೆ. 27 ಡಿಗ್ರಿಯ ಆಸುಪಾಸಿನಲ್ಲಿರುವ ನೆಲ ಅತಿ ಹೆಚ್ಚು ಸೂಸುವುದು 9.7 ಮೈಕ್ರಾನ್ ತರಂಗಾಂತರದ ಹತ್ತಿರ. ಅದೃಷ್ಟಕ್ಕೆ ಗಾಳಿ 8ರಿಂದ 14 ಮೈಕ್ರಾನ್‌ವರೆಗೆ ಬಹುಮಟ್ಟಿಗೆ ದಾರಿ ಬಿಡುತ್ತದೆ. ಇದನ್ನು ವಾಯುಮಂಡಲದ ಕಿಟಕಿ ಎನ್ನುತ್ತಾರೆ. ಕಿಟಕಿಯ ನಡುವೆ 9.6 ಮೈಕ್ರಾನ್‌ನಲ್ಲಿ ಓಜೋನ್ ಒಂದು ಸರಳು ಹಾಕಿದೆ. 15 ಮೈಕ್ರಾನ್ ಕಡೆಗೆ ಕಾರ್ಬನ್ ಡೈಆಕ್ಸೈಡ್ ಬಾಗಿಲನ್ನೇ ಮುಚ್ಚಿದೆ. ಉಷ್ಣ ಕ್ಯಾಮೆರಾಗಳು ಇವೆರಡನ್ನೂ ತಪ್ಪಿಸಿ ಹೆಚ್ಚಾಗಿ 10.5ರಿಂದ 12.5 ಮೈಕ್ರಾನ್ ನಡುವೆ ನೋಡುತ್ತವೆ.

ಅಲ್ಲಿಯೂ ತಪ್ಪಿಸಲಾಗದ್ದು ನೀರಾವಿ. ಜಾನ್ ಟಿಂಡಾಲ್ 1861ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ಮೊದಲು ಅಳೆದು ತೋರಿಸಿದವು: ಆಮ್ಲಜನಕ, ಸಾರಜನಕಗಳು ಶಾಖ ವಿಕಿರಣವನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ, ಅವುಗಳ ನಡುವೆ ಒಂದಿಷ್ಟೇ ಇರುವ ನೀರಾವಿ ಅದನ್ನು ಹೀರುತ್ತದೆ. ಓಜೋನ್, ಕಾರ್ಬನ್ ಡೈಆಕ್ಸೈಡ್ ದಿನದಿಂದ ದಿನಕ್ಕೆ ಅಷ್ಟಾಗಿ ಬದಲಾಗುವುದಿಲ್ಲ, ಒಮ್ಮೆ ಲೆಕ್ಕ ಹಾಕಿದರೆ ಆಯಿತು. ನೀರಾವಿ ಹಾಗಲ್ಲ. ನಮ್ಮ ತಲೆಯ ಮೇಲಿನ ಗಾಳಿಯಲ್ಲಿರುವುದನ್ನೆಲ್ಲ ಹಿಂಡಿ ನೆಲದ ಮೇಲೆ ನಿಲ್ಲಿಸಿದರೆ, ಮಂಡ್ಯದ ಸೀಮೆಯಲ್ಲಿ ಜನವರಿಯ ಒಣ ದಿನ ಸುಮಾರು 2 ಸೆಂಟಿಮೀಟರ್ ನೀರು. ಮುಂಗಾರಿನಲ್ಲಿ 4 ಸೆಂಟಿಮೀಟರ್ ದಾಟುತ್ತದೆ.

ನೀರಾವಿಯ ನಡತೆ ದಲ್ಲಾಳಿಯದು. ರೈತ ಕಳಿಸಿದ ಮೂಟೆಯಿಂದ ಒಂದು ಪಾಲನ್ನು ತೆಗೆದಿಟ್ಟುಕೊಂಡು, ಆ ಜಾಗಕ್ಕೆ ತನ್ನ ಕಳಪೆ ಮಾಲನ್ನು ತುಂಬಿ ಮುಂದಕ್ಕೆ ಸಾಗಿಸುತ್ತದೆ. ಹೀರಿಕೊಳ್ಳುವ ವಸ್ತು ಸೂಸಲೂಬೇಕು ಎಂಬುದು ಭೌತವಿಜ್ಞಾನದ ನಿಯಮ. ಆದರೆ ಮೇಲೆ ಹೋದಂತೆ ಗಾಳಿ ಕಿಲೋಮೀಟರಿಗೆ ಆರು ಡಿಗ್ರಿಗಿಂತ ಹೆಚ್ಚು ತಣ್ಣಗಾಗುತ್ತದೆ, ಹೀಗಾಗಿ ನೀರಾವಿ ಸೂಸುವ ಬಿಸಿ ನೆಲದ ಬಿಸಿಗಿಂತ ಕಡಿಮೆ ದರ್ಜೆಯದು.

ಲೆಕ್ಕ ಹಾಕಿಯೇ ನೋಡೋಣ. ಮಳವಳ್ಳಿಯ ಒಂದು ಒಣ ಹೊಲ 40 ಡಿಗ್ರಿ, ಮಂಡ್ಯದ ಒಂದು ಗದ್ದೆ 28 ಡಿಗ್ರಿ ಇದೆ ಎಂದುಕೊಳ್ಳಿ. ನಿಜವಾದ ಅಂತರ 12. ಒಣ ದಿನ, ಗಾಳಿ 11 ಮೈಕ್ರಾನ್‌ನಲ್ಲಿ ನೂರಕ್ಕೆ 80 ಪಾಲನ್ನು ಬಿಟ್ಟುಕೊಡುತ್ತದೆ, ಉಳಿದ 20 ಪಾಲಿನ ಜಾಗಕ್ಕೆ ಸರಾಸರಿ 15 ಡಿಗ್ರಿಯ ತನ್ನ ವಿಕಿರಣ ಸೇರಿಸುತ್ತದೆ ಎಂದಿಟ್ಟುಕೊಳ್ಳೋಣ. ಪ್ಲಾಂಕ್ ಸೂತ್ರದಲ್ಲಿ ಇದನ್ನು ಹಾಕಿ ತಿರುಗಿಸಿದರೆ ಉಪಗ್ರಹಕ್ಕೆ ಕಾಣುವುದು: ಹೊಲ 35.4, ಗದ್ದೆ 25.5. ಹೊಲ ನಾಲ್ಕೂವರೆ ಡಿಗ್ರಿಗಿಂತ ಹೆಚ್ಚು ಕಳೆದುಕೊಂಡಿದೆ, ಗದ್ದೆ ಎರಡೂವರೆ ಮಾತ್ರ. ಅಂತರ 12ರಿಂದ 10ಕ್ಕೆ ಇಳಿದಿದೆ.

ಈಗ ಅದೇ ಹೊಲ, ಅದೇ ಗದ್ದೆ, ಅದೇ ಬಿಸಿ. ಗಾಳಿ ಮಾತ್ರ ಮುಂಗಾರಿನ ಎರಡು ಮೋಡಗಳ ನಡುವಿನ ತೇವದ ಗಾಳಿ. ದಾಟಿಹೋಗುವುದು ನೂರಕ್ಕೆ 55 ಪಾಲು, ಗಾಳಿಯ ಸರಾಸರಿ ಬಿಸಿ 18 ಡಿಗ್ರಿ. ಈ ಸಲ ಹೊಲ 30.6 ಡಿಗ್ರಿಯಾಗಿ ಕಾಣುತ್ತದೆ, ಗದ್ದೆ 23.6. ಅಂತರ 7 ಡಿಗ್ರಿ!

ಈ ಅಧ್ಯಾಯದಲ್ಲಿ ಹಿಡಿದುಕೊಳ್ಳಬೇಕಾದ ಸಂಗತಿ ಇದು. ಗಾಳಿ ಎಲ್ಲರಿಂದಲೂ ಒಂದೇ ಮೊತ್ತವನ್ನು ಕಡಿತ ಮಾಡಿದ್ದರೆ ಚಿಂತೆಯಿರಲಿಲ್ಲ. ಎಲ್ಲ ಸಂಖ್ಯೆಗಳಿಗೂ ಐದೋ ಆರೋ ಕೂಡಿಸಿ ಮುಗಿಸಬಹುದಿತ್ತು. ಅದು ಹೆಚ್ಚು ಕಾದ ನೆಲದಿಂದ ಹೆಚ್ಚು, ತಣ್ಣಗಿರುವ ನೆಲದಿಂದ ಕಡಿಮೆ ತೆಗೆಯುತ್ತದೆ. ತಿದ್ದದ ಉಷ್ಣ ಚಿತ್ರದಲ್ಲಿ ನೀರು ಕಂಡ ಬಯಲಿಗೂ ಕಾಣದ ಬಯಲಿಗೂ ಇರುವ ಭೇದ ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಗಾಳಿಯಲ್ಲಿ ತೇವ ಏರಿದಷ್ಟೂ ಇನ್ನೂ ಚಿಕ್ಕದು. ಫೆಬ್ರವರಿಯ ಚಿತ್ರವನ್ನೂ ಸೆಪ್ಟೆಂಬರಿನ ಚಿತ್ರವನ್ನೂ ಪಕ್ಕದಲ್ಲಿಟ್ಟು ‘ನೋಡಿ, ಕೊನೆ ಭಾಗದ ಪರಿಸ್ಥಿತಿ ಸುಧಾರಿಸಿದೆ’ ಎಂದು ಯಾರಾದರೂ ಹೇಳಿದರೆ, ಸುಧಾರಿಸಿದ್ದು ನಾಲೆಯೋ, ಮಸುಕಾಗಿದ್ದು ಗಾಳಿಯೋ ಎಂದು ಕೇಳಬೇಕಾಗುತ್ತದೆ. ರಾತ್ರಿ ಚಿತ್ರಗಳ ಕಥೆ ಬೇರೆ. ಚಳಿಗಾಲದ ತಿಳಿ ಇರುಳಿನಲ್ಲಿ ನೆಲ ತನ್ನ ಮೇಲಿನ ಗಾಳಿಗಿಂತ ಬೇಗ ತಣಿಯುತ್ತದೆ. ಆಗ ಕಡಿತ ತೀರಾ ಸಣ್ಣದಾಗುತ್ತದೆ, ಒಮ್ಮೊಮ್ಮೆ ಕಡಿತ ಹೋಗಿ ಕೂಡಿಕೆಯೂ ಆಗಬಹುದು.

ಸರಿ, ಗಾಳಿ ಕದ್ದದ್ದನ್ನು ವಾಪಸು ಕೊಡಿಸುವುದು ಹೇಗೆ? ನೇರ ದಾರಿಯೆಂದರೆ ಆ ಹೊತ್ತಿನಲ್ಲಿ ಗಾಳಿಯ ಯಾವ ಪದರದಲ್ಲಿ ಎಷ್ಟು ಬಿಸಿ, ಎಷ್ಟು ನೀರಾವಿ ಇತ್ತೆಂದು ತಿಳಿದು, ಮಾಡ್‌ಟ್ರಾನ್‌ನಂತಹ ಗಣಕ ಮಾದರಿಯಲ್ಲಿ ವಿಕಿರಣದ ಪಯಣವನ್ನು ಮರುಲೆಕ್ಕ ಹಾಕುವುದು. ಹವಾಮಾನ ಇಲಾಖೆ ಬಲೂನಿಗೆ ಉಪಕರಣ ಕಟ್ಟಿ ಹಾರಿಸುವುದು ಇದನ್ನು ತಿಳಿಯಲಿಕ್ಕೇ. ಆದರೆ ಬಲೂನು ಹಾರುವುದು ಬೆಂಗಳೂರಿನಂತಹ ಆಯ್ದ ಕೇಂದ್ರಗಳಿಂದ, ಜಗತ್ತಿನೊಂದಿಗೆ ಹೊಂದಿಸಿದ ವೇಳೆಯಲ್ಲಿ, ನಮ್ಮ ಗಡಿಯಾರದಲ್ಲಿ ಬೆಳಗಿನ ಮತ್ತು ಸಂಜೆಯ ಐದೂವರೆಯ ಸುಮಾರಿಗೆ. ಲ್ಯಾಂಡ್‌ಸ್ಯಾಟ್ ಬರುವುದು ಬೆಳಗ್ಗೆ ಹತ್ತೂವರೆ ದಾಟಿದ ಮೇಲೆ. ಅಷ್ಟರಲ್ಲಿ ಬಿಸಿಲಿಗೆ ಕೆಳಗಿನ ಗಾಳಿಯೆಲ್ಲ ಕಲಸಿಹೋಗಿರುತ್ತದೆ.

ಹೀಗಾಗಿ ಬಲೂನು, ಉಪಗ್ರಹ, ಹಡಗು, ವಿಮಾನಗಳ ಅಳತೆಗಳನ್ನೆಲ್ಲ ಹವಾಮಾನ ಮಾದರಿಯಲ್ಲಿ ಬೆಸೆದು ಗಂಟೆಗಂಟೆಯ ಗಾಳಿಯನ್ನು ಮರುನಿರ್ಮಿಸುವ ದತ್ತಾಂಶಗಳನ್ನು ಬಳಸುತ್ತಾರೆ. ಯುರೋಪಿನ ಇಆರ್‌ಎ5 ಅಂಥದ್ದೊಂದು. ಅದರ ಒಂದು ಚೌಕ ನಮ್ಮ ಸೀಮೆಯಲ್ಲಿ ಸುಮಾರು 28 ಕಿಲೋಮೀಟರ್ ಅಗಲ. ಮಂಡ್ಯದಿಂದ ಮದ್ದೂರಿಗಿರುವ ದೂರಕ್ಕಿಂತ ದೊಡ್ಡದು. ನಾಲೆ ಬಯಲಿಗೂ ಒಣ ಹೊಲಕ್ಕೂ ಒಂದೇ ಗಾಳಿಯನ್ನು ಹಂಚಿಕೊಟ್ಟಂತೆ. ಇದರಿಂದ ಆಗುವ ನಷ್ಟ ಅಂದುಕೊಂಡಷ್ಟಿಲ್ಲ: ಗದ್ದೆಯಿಂದ ಏಳುವ ತೇವ ನೆಲದ ಹತ್ತಿರದ ಪದರದಲ್ಲೇ ಹೆಚ್ಚಾಗಿ ಸುಳಿದಾಡುತ್ತದೆ, ನೆಲದಿಂದ ಮೇಲಕ್ಕೆ ನಿಂತ ಇಡೀ ಗಾಳಿಯ ಕಂಬದ ನೀರಾವಿಯಲ್ಲಿ ಅದರ ಪಾಲು ಸಣ್ಣದು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಯುಎಸ್‌ಜಿಎಸ್ 2020ರಿಂದ ಉಚಿತವಾಗಿ ಒದಗಿಸುತ್ತಿರುವ ಲ್ಯಾಂಡ್‌ಸ್ಯಾಟ್ ನೆಲದುಷ್ಣತೆಯ ಚಿತ್ರಗಳು ಇಂತಹ ಮರುನಿರ್ಮಿತ ಗಾಳಿಯಿಂದಲೇ ತಿದ್ದಿದಂಥವು. ಮಳವಳ್ಳಿಯ ಪದವಿ ಕಾಲೇಜಿನ ವಿದ್ಯಾರ್ಥಿಯೂ ಒಂದು ಲ್ಯಾಪ್‌ಟಾಪ್ ಇದ್ದರೆ ಇವನ್ನು ಇಳಿಸಿಕೊಂಡು ತನ್ನೂರನ್ನು ನೋಡಬಹುದು.

ಇನ್ನೊಂದು ದಾರಿ ಇದಕ್ಕಿಂತ ಜಾಣತನದ್ದು. ನನಗೆ ಈ ಕ್ಷೇತ್ರದಲ್ಲಿ ಅತಿ ಸುಂದರವಾಗಿ ಕಂಡ ಉಪಾಯ. ಗಾಳಿಯ ಸ್ಥಿತಿಯನ್ನು ಬೇರೆಲ್ಲಿಂದಲೋ ತರುವ ಬದಲು, ಅದು ಮಾಡಿದ ಕಳವಿನಿಂದಲೇ ಅದನ್ನು ಪತ್ತೆ ಹಚ್ಚುವುದು. ಕಿಟಕಿಯನ್ನು ಎರಡಾಗಿ ಸೀಳಿ 11 ಮೈಕ್ರಾನ್ ಹತ್ತಿರ ಒಂದು ಅಳತೆ, 12 ಮೈಕ್ರಾನ್ ಹತ್ತಿರ ಇನ್ನೊಂದು ಅಳತೆ ಏಕಕಾಲಕ್ಕೆ ತೆಗೆಯುತ್ತಾರೆ. ನೆಲ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಸೂಸುತ್ತದೆ. ನೀರಾವಿ ಮಾತ್ರ 12ರಲ್ಲಿ ಹೆಚ್ಚು ನುಂಗುತ್ತದೆ. ಮೇಲಿನ ಒಣ ದಿನದ ಲೆಕ್ಕವನ್ನೇ ಮುಂದುವರಿಸಿ: 12 ಮೈಕ್ರಾನ್‌ನಲ್ಲಿ ನೂರಕ್ಕೆ 70 ಪಾಲು ಮಾತ್ರ ದಾಟುತ್ತದೆ ಎನ್ನಿ. ಆಗ 40 ಡಿಗ್ರಿಯ ಹೊಲ ಒಂದು ಕಣ್ಣಿಗೆ 35.4, ಇನ್ನೊಂದು ಕಣ್ಣಿಗೆ 33 ಡಿಗ್ರಿ. ವ್ಯತ್ಯಾಸ 2.4. ಇದನ್ನು ದುಪ್ಪಟ್ಟು ಮಾಡಿ 35.4ಕ್ಕೆ ಕೂಡಿಸಿ, 40ರ ಪಕ್ಕಕ್ಕೆ ಬಂದು ನಿಲ್ಲುತ್ತೀರಿ. 28 ಡಿಗ್ರಿಯ ಗದ್ದೆಗೂ ಇದೇ ಲೆಕ್ಕ ಮಾಡಿ: 25.5, 24.2, ವ್ಯತ್ಯಾಸ 1.3, ದುಪ್ಪಟ್ಟು 2.6, ಮೊತ್ತ 28.1. ಹೊಲಕ್ಕೆ ಹೆಚ್ಚು, ಗದ್ದೆಗೆ ಕಡಿಮೆ ವಾಪಸು ಬಂದದ್ದನ್ನು ಗಮನಿಸಿ. ಗಾಳಿಯ ಬಗ್ಗೆ ಹೊರಗಿನಿಂದ ಒಂದು ಮಾತನ್ನೂ ಕೇಳಿಲ್ಲ. ನಿಜವಾದ ಸೂತ್ರಗಳಲ್ಲಿ ಇನ್ನಷ್ಟು ಗುಣಾಂಕಗಳಿರುತ್ತವೆ, ತಿರುಳು ಇದೇ.

1970ರ ದಶಕದಲ್ಲಿ ಈ ಉಪಾಯ ರೂಪುಗೊಂಡದ್ದು ಸಮುದ್ರದ ಮೇಲ್ಮೈಯ ಬಿಸಿ ಅಳೆಯಲು. ನಾಸಾದಲ್ಲಿದ್ದ ಸಿ. ಪ್ರಭಾಕರ ಮತ್ತು ಸಂಗಡಿಗರು 1974ರಲ್ಲಿ, ಲ್ಯಾರಿ ಮೆಕ್‌ಮಿಲಿನ್ 1975ರಲ್ಲಿ ಇದರ ಗಣಿತವನ್ನು ಗಟ್ಟಿ ಮಾಡಿದರು. ನೆಲಕ್ಕೆ ಹೊಂದುವ ಸಾಮಾನ್ಯ ರೂಪವನ್ನು ಝೆಂಗ್‌ಮಿಂಗ್ ವಾನ್ ಮತ್ತು ಜೆಫ್ ಡೋಜಿಯರ್ 1996ರಲ್ಲಿ ಕೊಟ್ಟರು. 1999ರ ಕೊನೆಗೆ ಹಾರಿದ ಟೆರ್ರಾ, 2002ರಲ್ಲಿ ಹಾರಿದ ಅಕ್ವಾ ಉಪಗ್ರಹಗಳ ಮೋಡಿಸ್ ಕ್ಯಾಮೆರಾ ಅದನ್ನು ಬಳಸುತ್ತದೆ. ನಮ್ಮ ಇನ್ಸಾಟ್-3ಡಿ ಸರಣಿಯ ಹವಾಮಾನ ಉಪಗ್ರಹಗಳಲ್ಲೂ ಇದೇ ಜೋಡಿ ತರಂಗ ಪಟ್ಟಿಗಳಿವೆ. ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಿಂದ ನೋಡಿಕೊಳ್ಳುವ ಈ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಒಂದೇ ಕಡೆ ನಿಂತು ಅರ್ಧ ಗಂಟೆಗೊಮ್ಮೆ ಚಿತ್ರ ಕೊಡುತ್ತವೆ. ಅವುಗಳ ಚಿತ್ರದ ಒಂದು ಚುಕ್ಕಿ (ಪಿಕ್ಸೆಲ್) ಮಾತ್ರ 4 ಕಿಲೋಮೀಟರ್ ಚೌಕ, ಸುಮಾರು ನಾಲ್ಕು ಸಾವಿರ ಎಕರೆ. ಒಂದು ಚುಕ್ಕಿಯೊಳಗೆ ಗದ್ದೆ, ಕೆರೆ, ಗುಡ್ಡ, ಊರು ಎಲ್ಲವೂ ಕಲಸಿಹೋಗುತ್ತವೆ. ಮಳವಳ್ಳಿಯ ಒಂದು ತೂಬಿನ ಕೆಳಗಿನ ಅಚ್ಚುಕಟ್ಟಿನ ಜಗಳವನ್ನು ಇದರಿಂದ ಬಗೆಹರಿಸಲಾಗದು.

ಮೋಡಿಸ್ ಚುಕ್ಕಿ 1 ಕಿಲೋಮೀಟರ್, ಹಗಲು ರಾತ್ರಿ ಎರಡೂ ಹೊತ್ತು ಬರುತ್ತದೆ. ಆದರೆ ಅದು ಓರೆಯಾಗಿಯೂ ನೋಡುತ್ತದೆ. ಒಂದು ದಿನ ಮಂಡ್ಯ ಅದರ ನೆತ್ತಿಯ ಕೆಳಗೆ ಬಂದರೆ ಮತ್ತೊಂದು ದಿನ ನೋಟದ ಅಂಚಿನಲ್ಲಿರುತ್ತದೆ. ಅಂಚಿನಿಂದ ನೋಡುವಾಗ ಬಿಸಿ ಹಾಯಬೇಕಾದ ಗಾಳಿ ಎರಡು ಪಟ್ಟಿಗೂ ಹೆಚ್ಚು, ಚುಕ್ಕಿಯೂ ಹಿಗ್ಗಿ ಹಲವು ಕಿಲೋಮೀಟರ್ ಉದ್ದವಾಗುತ್ತದೆ. ಸೋಮವಾರದ ಬಿಸಿಯನ್ನು ಬುಧವಾರದ ಬಿಸಿಯೊಡನೆ ಹೋಲಿಸುವವರು ಕೋನವನ್ನು ಕೇಳದೆ ಹೋಲಿಸಬಾರದು.

2013ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-8ಕ್ಕೆ ಮೊದಲ ಬಾರಿಗೆ ಎರಡು ಉಷ್ಣ ಪಟ್ಟಿಗಳನ್ನು ಕೊಟ್ಟಾಗ, ಇನ್ನು ಜೋಡಿ ಪಟ್ಟಿಯ ಲೆಕ್ಕ 100 ಮೀಟರ್ ಚುಕ್ಕಿಗೂ ಬಂತು ಎಂದು ಎಲ್ಲರೂ ಹಿಗ್ಗಿದರು. ಹಿಗ್ಗು ಬಹಳ ದಿನ ಉಳಿಯಲಿಲ್ಲ. ನೋಟದ ಹೊರಗಿನ ವಿಕಿರಣ ಕ್ಯಾಮೆರಾದೊಳಗೆ ನುಸುಳಿ, ಅದರಲ್ಲೂ ಎರಡನೆಯ ಪಟ್ಟಿಯನ್ನು ಹೆಚ್ಚು ಕೆಡಿಸುತ್ತಿತ್ತು. ವ್ಯತ್ಯಾಸವನ್ನೇ ದುಪ್ಪಟ್ಟು ಮಾಡುವ ಲೆಕ್ಕದಲ್ಲಿ ದೋಷವೂ ದುಪ್ಪಟ್ಟಾಗುತ್ತದಲ್ಲ! ಆ ಪಟ್ಟಿಯನ್ನು ಇದಕ್ಕೆ ಬಳಸಬೇಡಿ ಎಂದು ಯುಎಸ್‌ಜಿಎಸ್ ಹೇಳಬೇಕಾಯಿತು. 2021ರ ಸೆಪ್ಟೆಂಬರಿನಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-9ರಲ್ಲಿ ಈ ದೋಷವನ್ನು ಸರಿಪಡಿಸಿದ್ದಾರೆ.

100 ಮೀಟರ್ ಚುಕ್ಕಿಯೆಂದರೆ ನಮ್ಮ ಲೆಕ್ಕದಲ್ಲಿ 2 ಎಕರೆ 19 ಗುಂಟೆ. ಬಿಡುಗಡೆಯಾಗುವ ಚಿತ್ರದಲ್ಲಿ ಅದನ್ನು 30 ಮೀಟರಿಗೆ, ಅಂದರೆ ಸುಮಾರು 9 ಗುಂಟೆಗೆ ನುಣುಪು ಮಾಡಿ ಕೊಡುತ್ತಾರೆ. 9 ಗುಂಟೆಯ ಗದ್ದೆಯನ್ನೇ ನೋಡುತ್ತಿದ್ದೇವೆ ಎಂಬ ಭ್ರಮೆ ಹುಟ್ಟುವುದು ಇಲ್ಲಿ. ಬಹುಪಾಲು ಹಿಡುವಳಿಗಳು ಒಂದು ಹೆಕ್ಟೇರಿಗಿಂತ ಚಿಕ್ಕವಾದ ಜಿಲ್ಲೆಯಲ್ಲಿ ಒಬ್ಬ ರೈತನ ಕಬ್ಬಿನ ಬಿಸಿ ಪಕ್ಕದವನ ಭತ್ತದೊಡನೆ, ನಡುವಿನ ಬದುವಿನೊಡನೆ ಬೆರೆತೇ ಬರುತ್ತದೆ. ಈ ಚಿತ್ರ ತೋರಿಸಿ ಒಬ್ಬ ರೈತನ ಬೆಳೆ ವಿಮೆಯನ್ನು ನಿರ್ಧರಿಸುವುದು ತಪ್ಪು. ಒಂದು ಉಪನಾಲೆಯ ಸರಾಸರಿಗೆ ಇದು ಧಾರಾಳವಾಗಿ ಸಾಕು.

ಗಾಳಿಯನ್ನು ತಿದ್ದಿದ ಮೇಲೂ ನೆಲದ ಗುಣವೊಂದು ಉಳಿಯುತ್ತದೆ. ಒಂದೇ ಬಿಸಿಯಲ್ಲಿರುವ ಎರಡು ವಸ್ತುಗಳು ಒಂದೇ ಪ್ರಮಾಣದಲ್ಲಿ ಸೂಸಬೇಕೆಂದಿಲ್ಲ. ಆದರ್ಶ ಕಪ್ಪು ವಸ್ತುವಿಗೆ ಹೋಲಿಸಿದ ಈ ಪ್ರಮಾಣವೇ ಉತ್ಸರ್ಜನಾಂಕ: ನೀರಿಗೂ ದಟ್ಟ ಬೆಳೆಗೂ 0.98, 0.99, ಒಣ ಕೆಮ್ಮಣ್ಣಿಗೆ 11 ಮೈಕ್ರಾನ್ ಆಸುಪಾಸಿನಲ್ಲಿ 0.96, 0.97. ಗ್ರಾನೈಟ್, ನೈಸ್ ಶಿಲೆ ಸವೆದು ಆದ ನಮ್ಮ ಕೆಮ್ಮಣ್ಣಿನಲ್ಲಿ ಬೆಣಚುಕಲ್ಲಿನ ಮರಳು ಧಾರಾಳ. ಅದರಿಂದ 8-9 ಮೈಕ್ರಾನ್ ಹತ್ತಿರ ಈ ಸಂಖ್ಯೆ ಇನ್ನೂ ಕುಸಿಯುತ್ತದೆ. ಉತ್ಸರ್ಜನಾಂಕದಲ್ಲಿ 0.01 ತಪ್ಪಿದರೆ ನೆಲದುಷ್ಣತೆಯಲ್ಲಿ ಸುಮಾರು ಅರ್ಧ ಡಿಗ್ರಿ ತಪ್ಪುತ್ತದೆ. ಇಲ್ಲಿಯೂ ಒಣ ಹೊಲವೇ ಹೆಚ್ಚು ಕಳೆದುಕೊಳ್ಳುವುದು! ಕಡಿಮೆ ಸೂಸುವ ನೆಲ ಆಕಾಶದ ವಿಕಿರಣವನ್ನು ಸ್ವಲ್ಪ ಪ್ರತಿಫಲಿಸುವುದರಿಂದ, ತೇವದ ಆಕಾಶ ಇರುವ ದಿನ ಈ ನಷ್ಟ ತುಸು ತುಂಬಿಕೊಳ್ಳುತ್ತದೆ. ತೇವದ ಗಾಳಿ ಮಾಡುವ ಒಂದೇ ಉಪಕಾರ ಅದು. ಇನ್ನು ಹೊಸ ತಗಡು ಸೂಸುವುದು ತೀರಾ ಕಡಿಮೆ. ಮಧ್ಯಾಹ್ನ ಮುಟ್ಟಿದರೆ ಕೈ ಸುಡುವ ರೈಸ್ ಮಿಲ್ಲಿನ ಚಾವಣಿ ಉಷ್ಣ ಚಿತ್ರದಲ್ಲಿ ಪಕ್ಕದ ಗದ್ದೆಗಿಂತ ತಣ್ಣಗೆ, ನೀಲಿಯಾಗಿ ಕಾಣಿಸಿಕೊಳ್ಳಬಹುದು. ಊರೊಳಗೆ ನೀಲಿ ಚುಕ್ಕಿ ಕಂಡರೆ ಕೆರೆ ಎಂದುಕೊಳ್ಳುವ ಮೊದಲು ತಗಡೇ ಎಂದು ನೋಡಿ.

ಆಲೆಮನೆಯ ಹೊಗೆಯ ಬಗ್ಗೆ ಕೇಳುವವರಿದ್ದಾರೆ. ಮದ್ದೂರು, ಮಂಡ್ಯದ ಸುತ್ತ ಬೆಲ್ಲದ ಕೊಪ್ಪರಿಗೆಯ ಕೆಳಗೆ ರಚ್ಚು ಉರಿಯುವಾಗ, ಕಟಾವಾದ ಗದ್ದೆಯಲ್ಲಿ ಕಬ್ಬಿನ ತರಗಿಗೆ ಬೆಂಕಿ ಇಟ್ಟಾಗ ಏಳುವ ಹೊಗೆ ಕಣ್ಣಿಗೆ ರಾಚುತ್ತದೆ, ಸಾಮಾನ್ಯ ಉಪಗ್ರಹ ಚಿತ್ರವನ್ನೂ ಮಬ್ಬು ಮಾಡುತ್ತದೆ. ಉಷ್ಣ ಕ್ಯಾಮೆರಾಕ್ಕೆ ಅದು ಅಷ್ಟಾಗಿ ಲೆಕ್ಕಕ್ಕಿಲ್ಲ. ಹೊಗೆಯ ಕಣಗಳು ಬಹುಪಾಲು ಒಂದು ಮೈಕ್ರಾನ್‌ಗಿಂತ ಚಿಕ್ಕವು. ಅವಕ್ಕಿಂತ ಹತ್ತು ಪಟ್ಟು ಉದ್ದದ ತರಂಗ ಅವನ್ನು ಲೆಕ್ಕಿಸದೆ ದಾಟಿಹೋಗುತ್ತದೆ. ಮರುಭೂಮಿಯ ದಪ್ಪ ಧೂಳಾದರೆ ಬೇರೆ ಮಾತು.

ಮೋಡಕ್ಕೆ ಮಾತ್ರ ಯಾವ ಉಪಾಯವೂ ಇಲ್ಲ. ಉಷ್ಣ ಅವಕೆಂಪು ಮೋಡವನ್ನು ತೂರುವುದಿಲ್ಲ. ಕ್ಯಾಮೆರಾ ಮೋಡದ ನೆತ್ತಿಯ ತಣ್ಣನೆಯನ್ನು ಅಳೆದು ಸುಮ್ಮನಾಗುತ್ತದೆ. ದಟ್ಟ ಮೋಡ ಕಣ್ಣಿಗೇ ಕಾಣುವುದರಿಂದ ಅದನ್ನು ಬಿಟ್ಟುಬಿಡಬಹುದು. ಮೋಸ ಮಾಡುವುದು ತೀರಾ ಎತ್ತರದ, ತೆಳ್ಳನೆಯ ಹಿಮಕಣಗಳ ಮೋಡ. ಅದರ ಕೆಳಗಿನ ನೆಲ ಹಲವು ಡಿಗ್ರಿ ತಣ್ಣಗೆ ಕಾಣುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಲ್ಯಾಂಡ್‌ಸ್ಯಾಟ್-8, 9ರಲ್ಲಿ ಇದನ್ನು ಹಿಡಿಯಲೆಂದೇ 1.37 ಮೈಕ್ರಾನ್ ಹತ್ತಿರ ಒಂದು ಪಟ್ಟಿಯಿದೆ. ಆ ತರಂಗದಲ್ಲಿ ಕೆಳಗಿನ ನೀರಾವಿ ನೆಲದಿಂದ ಬರುವ ಬೆಳಕನ್ನೆಲ್ಲ ನುಂಗಿಬಿಡುವುದರಿಂದ, ಚಿತ್ರದಲ್ಲಿ ಏನಾದರೂ ಬೆಳ್ಳಗೆ ಕಂಡರೆ ಅದು ನೀರಾವಿಗಿಂತ ಮೇಲಿರುವ ತೆಳು ಮೋಡವೇ ಆಗಿರಬೇಕು.

ನಮ್ಮ ಬೆಳೆಯ ಪಂಚಾಂಗಕ್ಕೂ ಮೋಡದ ಪಂಚಾಂಗಕ್ಕೂ ಇರುವ ವೈರ ಇಲ್ಲಿ ಗೊತ್ತಾಗುತ್ತದೆ. ಜಲಾಶಯಕ್ಕೆ ನೀರು ಬಂದು ನಾಲೆಗೆ ಬಿಡುವುದು ಸಾಮಾನ್ಯವಾಗಿ ಜುಲೈ, ಆಗಸ್ಟ್. ನಾಟಿಯ ಕಾಲ. ಪಶ್ಚಿಮ ಘಟ್ಟ ದಾಟಿ ಬಂದ ಮೋಡಗಳು ಆಗ ಮಂಡ್ಯದ ಮೇಲೆ ದಿನಗಟ್ಟಲೆ ಮುಸುಕಿರುತ್ತವೆ, ಮಳೆ ಮಾತ್ರ ಸೋನೆ. ಕೊನೆ ಭಾಗಕ್ಕೆ ನೀರು ಮುಟ್ಟಿತೇ ಎಂದು ತಿಳಿಯಲೇಬೇಕಾದ ವಾರಗಳಲ್ಲಿ ಉಷ್ಣ ಉಪಗ್ರಹ ಕುರುಡು. ಎರಡು ಲ್ಯಾಂಡ್‌ಸ್ಯಾಟ್‌ಗಳು ಸೇರಿ ಎಂಟು ದಿನಕ್ಕೊಮ್ಮೆ ಬಂದರೂ ಆ ಎರಡು ತಿಂಗಳಲ್ಲಿ ಬಳಸಬಹುದಾದ ಒಂದು ಚಿತ್ರ ಸಿಗದೆ ಹೋಗಬಹುದು. ಮೋಡ ತೂರುವ ಮೈಕ್ರೋವೇವ್ ಸಂವೇದಕಗಳು ಇವೆ, ಆದರೆ ನೆಲದುಷ್ಣತೆಗೆ ಬಳಸುವ ಅವುಗಳ ಚುಕ್ಕಿ ಹತ್ತಾರು ಕಿಲೋಮೀಟರ್ ಅಗಲ. ಅವಕ್ಕೆ ಮದ್ದೂರೂ ಒಂದೇ, ಮಳವಳ್ಳಿಯೂ ಒಂದೇ. ಬೇಸಿಗೆ ಬೆಳೆಗೆ, ನಿಂತ ಕಬ್ಬಿಗೆ, ಜನವರಿಯಿಂದ ಏಪ್ರಿಲ್‌ವರೆಗೆ ಉಷ್ಣ ಚಿತ್ರ ತನ್ನ ಪೂರ್ತಿ ಬೆಲೆ ತೋರಿಸುತ್ತದೆ. ಗಾಳಿ ಒಣಗಿರುವುದೂ ಆಗಲೇ.

ಗಾಳಿಯ ತಿದ್ದುಪಡಿಯ ರಗಳೆಯನ್ನೇ ಬದಿಗಿಟ್ಟು ನೀರಿನ ಲೆಕ್ಕಕ್ಕೆ ಕೈಹಾಕಿದವರೂ ಇದ್ದಾರೆ. ಡಚ್ ವಿಜ್ಞಾನಿ ಬಾಸ್ಟಿಯಾನ್ಸನ್ 1998ರಲ್ಲಿ ಪ್ರಕಟಿಸಿದ ಸೆಬಾಲ್ ವಿಧಾನ ಚಿತ್ರದೊಳಗೇ ಎರಡು ಚುಕ್ಕಿಗಳನ್ನು ಆರಿಸಿಕೊಳ್ಳುತ್ತದೆ: ಚೆನ್ನಾಗಿ ನೀರು ಕುಡಿದ ಅತಿ ತಣ್ಣನೆಯದು, ನೀರೇ ಇಲ್ಲದ ಅತಿ ಬಿಸಿಯದು. ಮೊದಲನೆಯದರಲ್ಲಿ ಬಿಸಿಲಿನ ಶಕ್ತಿಯೆಲ್ಲ ನೀರನ್ನು ಆವಿಯಾಗಿಸಲು ಹೋಯಿತು, ಎರಡನೆಯದರಲ್ಲಿ ಎಲ್ಲವೂ ಗಾಳಿ ಕಾಯಿಸಲು ಹೋಯಿತು ಎಂದಿಟ್ಟುಕೊಂಡು, ಮಿಕ್ಕ ಚುಕ್ಕಿಗಳನ್ನು ಇವುಗಳ ನಡುವೆ ಅಳೆದು ಹಂಚುತ್ತದೆ. ಗಾಳಿ ಎರಡು ತುದಿಗಳನ್ನೂ ಹತ್ತಿರ ತಂದಿದ್ದರೆ ನಡುವಿನವೂ ಅದೇ ಅನುಪಾತದಲ್ಲಿ ಹತ್ತಿರ ಬಂದಿರುತ್ತವೆ, ಹಾಗಾಗಿ ತಪ್ಪು ಬಹುಮಟ್ಟಿಗೆ ಹೊಡೆದುಹೋಗುತ್ತದೆ. ಮಂಡ್ಯದ ಚಿತ್ರದಲ್ಲಿ ತಣ್ಣನೆಯ ತುದಿಗೆ ನಾಲೆಯ ಮೇಲ್ಭಾಗದ ಕಬ್ಬು, ಬಿಸಿಯ ತುದಿಗೆ ಮಳವಳ್ಳಿಯ ಬೀಳು ಹೊಲ, ಎರಡೂ ಕೈಗೆಟುಕುವಷ್ಟು ಹತ್ತಿರ ಸಿಗುತ್ತವೆ. 185 ಕಿಲೋಮೀಟರ್ ಅಗಲದ ಇಡೀ ಲ್ಯಾಂಡ್‌ಸ್ಯಾಟ್ ಚಿತ್ರಕ್ಕೆ ಒಂದೇ ಜೋಡಿ ಬಳಸಿದರೆ ಈ ಉಪಾಯ ಕೆಡುತ್ತದೆ, ಏಕೆಂದರೆ ಅಷ್ಟು ದೂರಕ್ಕೆ ಗಾಳಿ ಒಂದೇ ಆಗಿರುವುದಿಲ್ಲ.

ಗಾಳಿಯ ಕೈವಾಡ ನೋಟಕ್ಕಷ್ಟೇ ಸೀಮಿತವೂ ಅಲ್ಲ. ಇಡ್ಸೊ, ಜಾಕ್ಸನ್ ಮತ್ತು ಸಂಗಡಿಗರು ಅಮೆರಿಕದ ಅರಿಜೋನಾದಲ್ಲಿ ಬೆಳೆಯ ಬಾಯಾರಿಕೆಯ ಸೂಚ್ಯಂಕವನ್ನು 1981ರಲ್ಲಿ ರೂಪಿಸಿದಾಗ ತೋರಿಸಿಕೊಟ್ಟದ್ದು ಇದನ್ನೇ: ಸಾಕಷ್ಟು ನೀರಿರುವ ಬೆಳೆ ಕೂಡ ಒಣ ಗಾಳಿಯಲ್ಲಿ ಹೆಚ್ಚು ತಣಿಯುತ್ತದೆ, ತೇವದ ಗಾಳಿಯಲ್ಲಿ ಅಷ್ಟು ತಣಿಯಲಾರದು. ಸೆಪ್ಟೆಂಬರಿನ ಕಬ್ಬು ಫೆಬ್ರವರಿಯ ಕಬ್ಬಿಗಿಂತ ಬೆಚ್ಚಗಿದ್ದರೆ ಅದಕ್ಕೆ ನೀರು ಸಾಲದು ಎಂದೇನೂ ಅಲ್ಲ. ಉಪಗ್ರಹದ ಡಿಗ್ರಿಯ ಪಕ್ಕದಲ್ಲಿ ನೆಲದ ಹವಾಮಾನ ಕೇಂದ್ರದ ಆರ್ದ್ರತೆಯೂ ಇರಬೇಕು. ಒಂದರಿಂದ ತೀರ್ಪು ಕೊಡಲಾಗದು.

ಇಸ್ರೊ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸಿಎನ್ಇಎಸ್ ಜೊತೆಯಾಗಿ ರೂಪಿಸಿರುವ ತೃಷ್ಣಾ ಉಪಗ್ರಹ ಈ ಕೆಲಸಕ್ಕೆಂದೇ ಹುಟ್ಟಿದ್ದು. ನಾಲ್ಕು ಉಷ್ಣ ಪಟ್ಟಿಗಳು, 60 ಮೀಟರಿನ ಸುಮಾರಿನ ಚುಕ್ಕಿ, ಎಂಟು ದಿನಕ್ಕೆ ಮೂರು ನೋಟ, ಅದೂ ಬೆಳೆಯ ಬಾಯಾರಿಕೆ ಎದ್ದು ಕಾಣುವ ಮಧ್ಯಾಹ್ನದ ಹೊತ್ತಿನಲ್ಲಿ. ನಾಲ್ಕು ಪಟ್ಟಿಗಳಿದ್ದರೆ ನೆಲದ ಬಿಸಿಯನ್ನೂ ಉತ್ಸರ್ಜನಾಂಕವನ್ನೂ ಬೇರೆ ಬೇರೆಯಾಗಿ ಬಿಡಿಸಬಹುದು. ಮಧ್ಯಾಹ್ನಕ್ಕೆ ಹತ್ತಿಯುಂಡೆ ಮೋಡಗಳು ಹೆಚ್ಚು ಎಂಬ ತೊಂದರೆ ಇದ್ದೇ ಇದೆ. ಯಾವ ಉಪಗ್ರಹವಾದರೂ ತನ್ನ ಲೆಕ್ಕವನ್ನು ಒಪ್ಪಿಸಬೇಕಾದದ್ದು ನೆಲದ ಮೇಲಿನ ಅಳತೆಗೆ. ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರೆಂಚ್ ವಿಜ್ಞಾನಿಗಳು ಮಣ್ಣಿನ ತೇವ, ಅಂತರ್ಜಲದ ಅಳತೆಯನ್ನು ವರ್ಷಗಳಿಂದ ನಡೆಸಿಕೊಂಡು ಬಂದಿದ್ದಾರೆ. ಅಂತಹ ಏರ್ಪಾಡು ಕಾವೇರಿ ಅಚ್ಚುಕಟ್ಟಿಗೂ ಬೇಕು. ಕೃಷ್ಣರಾಜಸಾಗರದ ಹಿನ್ನೀರು ಉತ್ಸರ್ಜನಾಂಕ ಖಚಿತವಾಗಿ ಗೊತ್ತಿರುವ ವಿಶಾಲ ನೀರಿನ ಹಾಳೆ. ಅಲ್ಲೊಂದು ತೇಲುವ ಉಷ್ಣಮಾಪಕ ಇರಲಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಗದ್ದೆಯ ಮೇಲೆ ಒಂದು ಅವಕೆಂಪು ಮಾಪಕ ಇರಲಿ. ಮೂರನೆಯದು ಮಳವಳ್ಳಿಯ ಕೊನೆ ಭಾಗದ ಬೀಳು ಹೊಲದ ಮೇಲೆ. ಕೃಷಿ ವಿಶ್ವವಿದ್ಯಾಲಯಕ್ಕೂ ನೀರಾವರಿ ಇಲಾಖೆಗೂ ಇದು ಭಾರಿ ಖರ್ಚಿನ ಕೆಲಸವಲ್ಲ. ಅಲ್ಲಿಯತನಕ, ನಾಲೆಯ ನೀರಿನ ಬಗ್ಗೆ ನಿಮ್ಮ ಮುಂದೆ ಯಾರಾದರೂ ಕೆಂಪು ನೀಲಿ ಬಣ್ಣದ ನಕ್ಷೆ ಹರಡಿದರೆ, ಯಾವ ಉಪಗ್ರಹ, ಯಾವ ದಿನ, ಯಾವ ಗಂಟೆ, ಗಾಳಿಯ ಕಡಿತವನ್ನು ಹೇಗೆ ತಿದ್ದಿದ್ದೀರಿ ಎಂದು ಕೇಳಿ. ಉತ್ತರ ಸಿಗದಿದ್ದರೆ ಆ ನಕ್ಷೆಗೆ ಸಹಿ ಹಾಕಬೇಡಿ.